ಅಪಾರ್ಟ್‌ಮೆಂಟ್‌ಗೆ ಇವಿ ಚಾರ್ಜರ್: ಸರ್ಕಾರದಿಂದ ನಿಜವಾಗಿ ಏನು ಸಿಗುತ್ತೆ? ಹಾಕಿಸಿದವರು ಹೇಳಿ

ಬೆಂಗಳೂರು, ವೈಟ್‌ಫೀಲ್ಡ್ ಕಡೆಯಿಂದ (ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಮ್ಮದು 72 ಮನೆಗಳ ಅಪಾರ್ಟ್‌ಮೆಂಟ್. ಈ ವರ್ಷ ಸಂಘದ ಕಾರ್ಯದರ್ಶಿ ಕೆಲಸ ನನ್ನ ಪಾಲಿಗೆ ಬಂದಿದೆ. ಐದು ಎಲೆಕ್ಟ್ರಿಕ್ ಕಾರು, ಹತ್ತು ಹನ್ನೆರಡು ಸ್ಕೂಟರ್ ಇವೆ. ಒಬ್ಬರು ಮೊದಲ ಮಹಡಿಯ ಬಾಲ್ಕನಿಯಿಂದ ವೈರ್ ಇಳಿಬಿಟ್ಟು ಸ್ಕೂಟರ್ ಚಾರ್ಜ್ ಮಾಡುತ್ತಾರೆ. ಮಳೆ ಬಂದಾಗ ಆ ವೈರ್ ನೋಡಿದರೆ ಎದೆ ಝಲ್ ಅನ್ನುತ್ತೆ.

ಹೋದ ವಾರ ಒಂದು ಕಂಪನಿಯವರು ಬಂದಿದ್ದರು. ಹತ್ತು ಚಾರ್ಜಿಂಗ್ ಪಾಯಿಂಟ್ ಹಾಕಿಸಿ, ಒಂದೊಂದಕ್ಕೂ ಆರು ಸಾವಿರ ಸಬ್ಸಿಡಿ ಬರುತ್ತೆ, ಈ ತಿಂಗಳೊಳಗೆ ಅಡ್ವಾನ್ಸ್ ಕಟ್ಟಿ ಅಂತ ಒತ್ತಾಯ ಮಾಡಿದರು. ಕಮಿಟಿಯಲ್ಲಿ ಅರ್ಧ ಜನ ಕಟ್ಟೋಣ ಅಂತಾರೆ. ದುಡ್ಡು 72 ಮನೆಗಳದ್ದು, ಸುಮ್ನೆ ಕೊಡೋಕೆ ಆಗಲ್ಲ. ರಾಜ್ಯ ಸರ್ಕಾರದಿಂದ, ಕೇಂದ್ರದಿಂದ, ಪಾಲಿಕೆಯಿಂದ ಯಾರಿಗೆ ಏನು ಸಿಕ್ಕಿದೆ? ನಿಮಗೆ ಆಗಿದ್ದನ್ನೇ ಹೇಳಿ.

ಬನಶಂಕರಿಯಿಂದ, 48 ಮನೆಗಳ ಸಂಘದ ಖಜಾಂಚಿ

ಮೇಡಂ, ಅಡ್ವಾನ್ಸ್ ಕಟ್ಟಬೇಡಿ. ಮೊದಲು ಇದನ್ನು ಪೂರ್ತಿ ಓದಿ.

ನಾವು 2024ರಲ್ಲಿ ಆರು ಪಾಯಿಂಟ್ ಹಾಕಿಸಿದೆವು. ನಮ್ಮ ಕೈಗೆ ಸಬ್ಸಿಡಿ ಅಂತ ಒಂದು ಚೆಕ್ ಕೂಡ ಬರಲಿಲ್ಲ. ಆಸ್ತಿ ತೆರಿಗೆಯಲ್ಲೂ ಒಂದು ರೂಪಾಯಿ ಕಡಿಮೆಯಾಗಲಿಲ್ಲ. ಆದರೂ ಸರ್ಕಾರದ ಕಡೆಯಿಂದ ಏನೂ ಸಿಗಲಿಲ್ಲ ಅಂತ ನಾನು ಹೇಳಲ್ಲ. ನಮಗೆ ಸಿಕ್ಕಿದ್ದು ಬೇರೆ ಮೀಟರ್. ಅದರಿಂದ ಆದ ಅನುಕೂಲ ಆರು ಸಾವಿರಕ್ಕಿಂತ ದೊಡ್ಡದು.

ಮೊದಲು ನಾವೂ ಕಾಮನ್ ಮೀಟರ್‌ನಿಂದಲೇ ಎರಡು ಸಾಕೆಟ್ ಕೊಟ್ಟಿದ್ದೆವು. ಮೂರು ತಿಂಗಳಲ್ಲೇ ಜಗಳ ಶುರುವಾಯಿತು. ಲಿಫ್ಟ್, ಪಂಪ್, ಕಾರಿಡಾರ್ ಲೈಟ್, ಕಾರು ಎಲ್ಲಾ ಒಂದೇ ಬಿಲ್ಲಿನಲ್ಲಿ. ಕಾರಿಲ್ಲದವರು ನಾವ್ಯಾಕೆ ಕೊಡಬೇಕು ಅಂದರು. ಕೇಳಿದ್ದು ಸರಿಯಾಗೇ ಇತ್ತು. ಅದರ ಮೇಲೆ ಒಂದು ದಿನ ಬೇಸ್‌ಮೆಂಟ್‌ನಲ್ಲಿ ಸುಟ್ಟ ವಾಸನೆ. ಹೋಗಿ ನೋಡಿದರೆ ಸಾಕೆಟ್ಟಿನ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು, ಪ್ಲಗ್ಗಿನ ಒಂದು ಪಿನ್ ಕಪ್ಪಾಗಿತ್ತು. ಗೀಸರ್‌ಗೆ ಹಾಕುವ ಸಾಮಾನ್ಯ 16 ಆ್ಯಂಪಿಯರ್ ಸಾಕೆಟ್ ಅದು. ಗೀಸರ್ ಓಡೋದು ಅರ್ಧ ಗಂಟೆ, ಕಾರು ಎಳೆಯೋದು ಎಂಟು ಒಂಬತ್ತು ಗಂಟೆ. ಅವತ್ತೇ ಅದನ್ನು ಬಿಚ್ಚಿಸಿದೆವು.

ಆಮೇಲೆ ಬೆಸ್ಕಾಂಗೆ ಇವಿ ಚಾರ್ಜಿಂಗ್‌ಗೇ ಅಂತ ಪ್ರತ್ಯೇಕ ಸಂಪರ್ಕಕ್ಕೆ ಅರ್ಜಿ ಹಾಕಿದೆವು. ನಮ್ಮ ರಾಜ್ಯದಲ್ಲಿ ಇದಕ್ಕೆ ಬೇರೆಯೇ ದರ ಇದೆ. ಬಿಲ್ಲಿನಲ್ಲಿ ಎಲ್‌ಟಿ-6(ಸಿ) ಅಂತ ಬರುತ್ತೆ. 2024-25ರಲ್ಲಿ ಅದು ಯೂನಿಟ್‌ಗೆ 4 ರೂಪಾಯಿ 50 ಪೈಸೆ ಇತ್ತು. ಅದೇ ವರ್ಷ ನೂರು ಯೂನಿಟ್ ದಾಟಿದ ಮನೆಗೆ 5 ರೂಪಾಯಿ 90 ಪೈಸೆ. ನಿಗದಿತ ಶುಲ್ಕ, ತೆರಿಗೆ ಬೇರೆ. ದರ ಆಗಾಗ ಪರಿಷ್ಕರಣೆ ಆಗುತ್ತೆ, ನೀವು ಈಗಿನದನ್ನು ಕೆಇಆರ್‌ಸಿ (ರಾಜ್ಯದಲ್ಲಿ ವಿದ್ಯುತ್ ದರ ನಿಗದಿ ಮಾಡುವ ಆಯೋಗ) ಆದೇಶದಲ್ಲಿ ನೋಡಿಕೊಳ್ಳಿ. ತಿಂಗಳಿಗೆ 150 ಯೂನಿಟ್ ಹಾಕಿಕೊಳ್ಳುವ ಕಾರಿಗೆ ಉಳಿಯೋದು 210 ರೂಪಾಯಿ. ದೊಡ್ಡ ಮೊತ್ತ ಅಲ್ಲ. ಆದರೆ ಕಾರಿನ ಲೆಕ್ಕ ಕಾರಿನವರ ಹತ್ತಿರ ಉಳಿಯಿತು, ಸಭೆಯಲ್ಲಿ ಆ ಮಾತೇ ನಿಂತುಹೋಯಿತು.

ಸಂಪರ್ಕ ಕೇಳೋದು ಈಗ ನಿಮ್ಮ ಹಕ್ಕು. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ಕೇಂದ್ರ 2024ರ ಫೆಬ್ರವರಿಯಲ್ಲಿ ತಿದ್ದುಪಡಿ ತಂದಿದೆ. ಇವಿ ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕ ಕೇಳಿದರೆ ಕೊಡಬೇಕು ಅಂತ ಅದರಲ್ಲೇ ಇದೆ. ಹೊಸ ಸಂಪರ್ಕ ಕೊಡುವ ಗಡುವನ್ನೂ ಇಳಿಸಿದ್ದಾರೆ: ಮಹಾನಗರದಲ್ಲಿ 3 ದಿನ, ಬೇರೆ ಪಟ್ಟಣಗಳಲ್ಲಿ 7, ಹಳ್ಳಿಗಳಲ್ಲಿ 15. ಆದರೆ ಈ ದಿನಗಳ ಎಣಿಕೆ ಶುರುವಾಗೋದು ಅರ್ಜಿ ಪೂರ್ತಿ ಇದ್ದಾಗ. ನಮ್ಮದು ಅಲ್ಲೇ ಎಡವಿತು. ಸಂಘದ ನೋಂದಣಿ ಪತ್ರದಲ್ಲಿ ಒಂದು ಹೆಸರು, ಅರ್ಜಿಯಲ್ಲಿ ಇನ್ನೊಂದು. ಠರಾವಿನ ಪ್ರತಿಗೆ ಸಹಿ ಆಗಿರಲಿಲ್ಲ. ಎರಡು ಸಲ ವಾಪಸ್ ಬಂತು. ನೀವು ಸಭೆಯ ಠರಾವು, ಸಹಿ ಮಾಡುವ ಅಧಿಕಾರ ಯಾರಿಗೆ ಅನ್ನೋ ಪತ್ರ, ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಲೈಸೆನ್ಸ್ ಇವೆಲ್ಲ ಮೊದಲೇ ಜೋಡಿಸಿಕೊಳ್ಳಿ.

ಇನ್ನೊಂದು ಮಾತು. ಖರ್ಚು ಚಾರ್ಜರ್‌ನಲ್ಲಿ ಜಾಸ್ತಿ ಆಗಲಿಲ್ಲ, ಕೇಬಲ್‌ನಲ್ಲಿ ಆಯಿತು. ಮೀಟರ್ ರೂಮಿನಿಂದ ಪಾರ್ಕಿಂಗ್‌ವರೆಗೆ ದಪ್ಪ ಕೇಬಲ್, ಹೊಸ ಡಿಬಿ (ಕರೆಂಟ್ ಹಂಚುವ ಪೆಟ್ಟಿಗೆ), ಹೊಸ ಅರ್ಥಿಂಗ್ ಗುಂಡಿ. ಕಂಪನಿಯವರು ಕೊಟ್ಟ ಕೊಟೇಷನ್‌ನಲ್ಲಿ ಇದು ಇದೆಯಾ? ಇಲ್ಲದಿದ್ದರೆ ಅದನ್ನು ಸೇರಿಸಿ ಇನ್ನೊಂದು ಕೇಳಿ. ಈಗ ನಮ್ಮಲ್ಲಿ ಪ್ರತಿ ಪಾಯಿಂಟ್‌ಗೂ ಸಬ್‌ಮೀಟರ್ ಇದೆ. ತಿಂಗಳ ಒಂದನೇ ತಾರೀಖು ಸೆಕ್ಯುರಿಟಿಯವರು ಆರು ಮೀಟರ್ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುತ್ತಾರೆ. ಅಷ್ಟೇ, ಲೆಕ್ಕ ಮುಗಿಯಿತು.

ದೆಹಲಿಯಿಂದ, ಊರು ಧಾರವಾಡ

ಆರು ಸಾವಿರ ಅಂದದ್ದು ನೋಡಿ ಬರೆಯುತ್ತಿದ್ದೇನೆ. ಆ ಆರು ಸಾವಿರ ನನಗೆ ಸಿಕ್ಕಿದೆ. ಆದರೆ ಅದು ದೆಹಲಿ ಸರ್ಕಾರದ್ದು.

2020ರ ಆಗಸ್ಟ್‌ನಲ್ಲಿ ಬಂದ ದೆಹಲಿಯ ಇವಿ ನೀತಿಯಲ್ಲಿ, ಮನೆ ಮತ್ತು ಕೆಲಸದ ಜಾಗಗಳಲ್ಲಿ ಹಾಕುವ ಮೊದಲ 30,000 ಪಾಯಿಂಟ್‌ಗಳಿಗೆ ತಲಾ 6,000 ರೂಪಾಯಿವರೆಗೆ ಕೊಡುತ್ತೇವೆ ಅಂತ ಇತ್ತು. ನಾನು 2022ರಲ್ಲಿ ಹಾಕಿಸಿದೆ. ಇಲ್ಲಿ ವಿದ್ಯುತ್ ಕಂಪನಿಗಳ ಪೋರ್ಟಲ್‌ನಲ್ಲೇ ಚಾರ್ಜರ್ ಮಾರುವವರ ಪಟ್ಟಿ ಇತ್ತು. ಆ ಪಟ್ಟಿಯಲ್ಲಿ ಒಬ್ಬರನ್ನು ಆರಿಸಿಕೊಂಡರೆ ಸಬ್ಸಿಡಿ ಕಳೆದು ಉಳಿದದ್ದು ಮಾತ್ರ ಕೊಟ್ಟರೆ ಸಾಕು. ಹೊಸ ಸಂಪರ್ಕದ ಅರ್ಜಿಯೂ ಅಲ್ಲೇ. ಕಾಗದ ಹಿಡಿದು ಓಡಾಡಿದ್ದೇ ಇಲ್ಲ.

ಹಾಗಾಗಿ ಸಬ್ಸಿಡಿ ಮೊದಲೇ ಕಳೆಯುತ್ತಾರೋ, ಆಮೇಲೆ ಬರುತ್ತೆ ಅಂತಾರೋ ಅನ್ನೋದನ್ನು ನಿಮ್ಮಲ್ಲಿಗೆ ಬಂದ ಕಂಪನಿಯವರ ಹತ್ತಿರ ಕೇಳಿ. ಆಮೇಲೆ ಬರುತ್ತೆ ಅಂದರೆ ಯಾವ ಆದೇಶ, ಯಾವ ರಾಜ್ಯದ್ದು, ಯಾವ ಇಲಾಖೆ ಕೊಡುತ್ತೆ ಅಂತ ಬರವಣಿಗೆಯಲ್ಲಿ ತಗೊಳ್ಳಿ.

ಮೈಸೂರಿನಿಂದ

ನಮ್ಮದು ಸ್ವಂತ ಮನೆ, ಅಪಾರ್ಟ್‌ಮೆಂಟ್ ತಾಪತ್ರಯ ಇಲ್ಲ. ಒಂದೇ ವಿಷಯ ಹೇಳ್ತೀನಿ, ಜಿಎಸ್‌ಟಿ ನೋಡಿ. ಇವಿ ಚಾರ್ಜರ್ ಮೇಲಿನ ತೆರಿಗೆ 2019ರ ಆಗಸ್ಟ್ 1ರಿಂದ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ನನಗೆ ಕೊಟ್ಟ ಮೊದಲ ಬಿಲ್ಲಿನಲ್ಲಿ ಚಾರ್ಜರ್, ವೈರ್, ಕೂಲಿ ಎಲ್ಲಾ ಸೇರಿಸಿ ಒಂದೇ ಸಾಲು ಬರೆದು ಶೇ 18 ಹಾಕಿದ್ದರು. ಚಾರ್ಜರ್ ಬೇರೆ ಸಾಲಿನಲ್ಲಿ ಬರೆದುಕೊಡಿ ಅಂದೆ. ಮುಖ ಸಿಂಡರಿಸಿದರೂ ಬರೆದುಕೊಟ್ಟರು. 40 ಸಾವಿರದ ಚಾರ್ಜರ್‌ಗೆ ಶೇ 13 ಅಂದರೆ 5,200 ರೂಪಾಯಿ ಉಳಿಯಿತು. ನೀವು ಹತ್ತು ಹಾಕಿಸ್ತೀರಿ, ಲೆಕ್ಕ ಹಾಕಿ ಮೇಡಂ.

ಶಿರಾ–ಹಿರಿಯೂರು ನಡುವೆ ಹೈವೇ ಪಕ್ಕ ಹೋಟೆಲ್ ಇಟ್ಟಿರುವವರು

ಅಪಾರ್ಟ್‌ಮೆಂಟಿಗೂ ನಮಗೂ ಲೆಕ್ಕ ಬೇರೆ. ಆದರೂ ಹೇಳ್ತೀನಿ, ಯಾಕಂದ್ರೆ ಸಬ್ಸಿಡಿ ಅಂತ ಪೇಪರಿನಲ್ಲಿ ಬರೋದು ಹೆಚ್ಚಾಗಿ ನಮ್ಮಂಥ ಸಾರ್ವಜನಿಕ ಸ್ಟೇಷನ್‌ಗಳಿಗೆ.

ದೇಶದಲ್ಲಿ ಮೊದಲು ಇವಿ ನೀತಿ ತಂದಿದ್ದೇ ನಮ್ಮ ರಾಜ್ಯ, 2017ರಲ್ಲಿ. ಅದರಲ್ಲಿ ಮೊದಲ 100 ಫಾಸ್ಟ್ ಚಾರ್ಜಿಂಗ್ ಸ್ಟೇಷನ್‌ಗಳಿಗೆ ಉಪಕರಣದ ಬೆಲೆಯ ಶೇ 25, ಹೆಚ್ಚೆಂದರೆ 10 ಲಕ್ಷ ಅಂತ ಇತ್ತು. ಮೊದಲ ನೂರು ಅನ್ನೋ ಮಾತನ್ನು ಗಮನಿಸಿ. ಬೇರೆ ರಾಜ್ಯಗಳ ನೀತಿಯಲ್ಲೂ ಎಷ್ಟೋ ಕಡೆ ಹೀಗೊಂದು ಮಿತಿ ಹಾಕಿರ್ತಾರೆ. ನನ್ನ ಹತ್ತಿರ ಬಂದ ಚಾರ್ಜರ್ ಕಂಪನಿಯವರು ಆ ಹಳೇ ನೀತಿಯ ಪ್ರತಿಯನ್ನೇ ತೋರಿಸಿದರು. ಈಗಿರೋದು 2025–30ರ ಕ್ಲೀನ್ ಮೊಬಿಲಿಟಿ ನೀತಿ. ಯಾವ ವರ್ಷದ ಕಾಗದ ಅಂತ ಮೊದಲು ನೋಡಿ.

ನನಗೆ ಪೆಟ್ಟು ಬಿದ್ದಿದ್ದು ಟ್ರಾನ್ಸ್‌ಫಾರ್ಮರ್‌ನಲ್ಲಿ. ಹೋಟೆಲಿನ ಲೋಡ್ 25 ಕಿಲೋವ್ಯಾಟ್. ಚಾರ್ಜರ್ ಒಂದೇ 60 ಕಿಲೋವ್ಯಾಟ್. ಇರೋ ಲೈನಿನಲ್ಲಿ ಅದು ಎಳೆಯುವ ಮಾತೇ ಇಲ್ಲ. ಎರಡು ಕಂಬ ನೆಟ್ಟು ಹೊಸ 100 ಕೆವಿಎ ಟ್ರಾನ್ಸ್‌ಫಾರ್ಮರ್ ಕೂರಿಸಬೇಕಾಯಿತು. ಅಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ. ಕೊನೆಗೆ ಜಾಗ ಮಾತ್ರ ನನ್ನದು, ಚಾರ್ಜರ್ ಮತ್ತು ಲೈನ್ ಖರ್ಚು ಕಂಪನಿಯವರದ್ದು, ಯೂನಿಟ್ ಲೆಕ್ಕದಲ್ಲಿ ನನಗೆ ಪಾಲು ಅಂತ ಒಪ್ಪಂದ ಆಯಿತು. ಸರ್ಕಾರಿ ಜಾಗಕ್ಕೆ ಕೇಂದ್ರದ ಮಾರ್ಗಸೂಚಿಯಲ್ಲಿ ಯೂನಿಟ್‌ಗೆ 1 ರೂಪಾಯಿ ಪಾಲು ಅಂತ ಇದೆ. ಮಾತುಕತೆಗೆ ಕೂತಾಗ ಅದನ್ನೇ ಮುಂದಿಟ್ಟೆ. ಇವಿ ಚಾರ್ಜ್ ಮಾಡಿಕೊಡೋದಕ್ಕೆ ವಿದ್ಯುತ್ ಮಾರುವ ಲೈಸೆನ್ಸ್ ಬೇಕಿಲ್ಲ ಅಂತ ಕೇಂದ್ರ 2018ರಲ್ಲೇ ಸ್ಪಷ್ಟ ಮಾಡಿದೆ. ಆ ಭಯ ಬೇಡ.

ಈಗ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಸಾರ್ವಜನಿಕ ಚಾರ್ಜಿಂಗ್‌ಗೆ 2,000 ಕೋಟಿ ಇಟ್ಟಿದ್ದಾರೆ. ಲೈನು, ಟ್ರಾನ್ಸ್‌ಫಾರ್ಮರ್ ಖರ್ಚಿಗೂ ಅದರಲ್ಲಿ ನೆರವಿದೆ. ಆದರೆ ನಾನು ನೀನು ಹೋಗಿ ನೇರವಾಗಿ ಅರ್ಜಿ ಹಾಕುವ ಯೋಜನೆ ಅಲ್ಲ ಅದು. ನಮ್ಮ ರಾಜ್ಯದಲ್ಲಿ ಚಾರ್ಜಿಂಗ್‌ಗೆ ನೋಡಲ್ ಸಂಸ್ಥೆ (ಹೊಣೆ ಹೊತ್ತ ಸಂಸ್ಥೆ) ಬೆಸ್ಕಾಂ. ಏನಿದ್ದರೂ ಅಲ್ಲಿ ವಿಚಾರಿಸಬೇಕು. ಗೇಟಿನೊಳಗೆ ಮನೆಯವರಿಗೆ ಮಾತ್ರ ಇರುವ ಚಾರ್ಜರ್ ಸಾರ್ವಜನಿಕ ಅನ್ನಿಸಿಕೊಳ್ಳಲ್ಲ.

ಪುಣೆಯಿಂದ

ಮಹಾರಾಷ್ಟ್ರದ 2021ರ ನೀತಿಯಲ್ಲಿ ಸ್ಲೋ ಚಾರ್ಜರ್‌ಗೆ ಬೆಲೆಯ ಶೇ 60, ಹೆಚ್ಚೆಂದರೆ 10,000 ರೂಪಾಯಿ ಅಂತ ಇತ್ತು, ಮೊದಲ 15,000 ಚಾರ್ಜರ್‌ಗಳಿಗೆ. ನಮ್ಮ ಸೊಸೈಟಿ ವರ್ಷಗಟ್ಟಲೆ ಚರ್ಚೆ ಮಾಡ್ತಾ ಕೂತಿತು. ಆ ನೀತಿಯ ಅವಧಿ 2025ರ ಮಾರ್ಚ್‌ಗೆ ಮುಗಿಯಿತು. ಆಮೇಲೆ ನಮ್ಮ ದುಡ್ಡಲ್ಲೇ ಹಾಕಿಸಿದೆವು.

ಅಮೆರಿಕದ ಆಸ್ಟಿನ್‌ನಿಂದ, ಊರು ಶಿವಮೊಗ್ಗ

ಇಲ್ಲಿನ ಕಥೆ ನಿಮಗೆ ನೇರವಾಗಿ ಬರಲ್ಲ, ಆದರೆ ಬೆಂಗಳೂರಿನಿಂದ ನನ್ನ ತಮ್ಮನೂ ಇದೇ ಪ್ರಶ್ನೆ ಕೇಳಿದ್ದ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮಲ್ಲಿ ಕರೆಂಟ್ ಕೊಡೋದು ನಗರದ್ದೇ ಸಂಸ್ಥೆ, ಆಸ್ಟಿನ್ ಎನರ್ಜಿ. ನಾನು 2023ರಲ್ಲಿ ಗ್ಯಾರೇಜಿನಲ್ಲಿ 240 ವೋಲ್ಟ್ ಚಾರ್ಜರ್ ಹಾಕಿಸಿದಾಗ, ಚಾರ್ಜರ್ ಮತ್ತು ಕೂಲಿ ಸೇರಿ ಅರ್ಧ ಖರ್ಚು, ಹೆಚ್ಚೆಂದರೆ 1,200 ಡಾಲರ್ ವಾಪಸ್ ಕೊಡುವ ಯೋಜನೆ ಇತ್ತು. ಪರ್ಮಿಟ್, ಎಲೆಕ್ಟ್ರಿಷಿಯನ್ ರಸೀದಿ ಇಟ್ಟುಕೊಂಡಿದ್ದೆ, ದುಡ್ಡು ಬಂತು. ಆದರೆ ಅಮೆರಿಕದ ಕೇಂದ್ರ ಸರ್ಕಾರದ ಶೇ 30 ತೆರಿಗೆ ವಿನಾಯಿತಿ (ಮನೆಗಾದರೆ ಹೆಚ್ಚೆಂದರೆ 1,000 ಡಾಲರ್) ನನಗೆ ಸಿಗಲಿಲ್ಲ. ಕಡಿಮೆ ಆದಾಯದ ಬಡಾವಣೆ ಅಥವಾ ನಗರದ ಹೊರಗಿನ ಪ್ರದೇಶದಲ್ಲಿ ಮನೆ ಇದ್ದರೆ ಮಾತ್ರ ಅದು ಅನ್ವಯ. 2026ರ ಜೂನ್ 30ರ ನಂತರ ಹಾಕಿಸಿದ ಚಾರ್ಜರ್‌ಗೆ ಅದೂ ಇಲ್ಲ ಅಂತ 2025ರ ಕಾನೂನಿನಲ್ಲೇ ಆಗಿದೆ. ಖರೀದಿಗೆ ಮೊದಲು ಮನೆ ವಿಳಾಸ ಹಾಕಿ ನೋಡಿದ್ದರೆ ನಾನು ಆ ಸಾವಿರ ಡಾಲರ್ ನಂಬಿಕೊಂಡು ದುಬಾರಿ ಮಾಡೆಲ್ ಆರಿಸುತ್ತಿರಲಿಲ್ಲ.

ಬೆಂಗಳೂರು, ವೈಟ್‌ಫೀಲ್ಡ್ ಕಡೆಯಿಂದ (ಕೇಳಿದವರು)

ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ. ದೆಹಲಿಯವರು ಬರೆದದ್ದು ಓದಿದ ಮೇಲೆ ಕಂಪನಿಯವರು ಕೊಟ್ಟು ಹೋಗಿದ್ದ ಬ್ರೋಷರ್ ತೆಗೆದು ನೋಡಿದೆ. ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ಮೊದಲ 30,000 ಪಾಯಿಂಟ್‌ಗಳಿಗೆ’ ಅಂತ ಇದೆ. ರಾಜ್ಯದ ಹೆಸರು ಎಲ್ಲೂ ಇಲ್ಲ. ಫೋನ್ ಮಾಡಿ ಯಾವ ಆದೇಶ ಅಂತ ಕೇಳಿದೆ. ವಿಚಾರಿಸಿ ಹೇಳ್ತೀವಿ ಮೇಡಂ ಅಂದರು. ಎರಡು ದಿನ ಆಯಿತು, ಫೋನ್ ಬಂದಿಲ್ಲ.

ಅಡ್ವಾನ್ಸ್ ನಿಲ್ಲಿಸಿದ್ದೇವೆ. ಭಾನುವಾರದ ಸಭೆಗೆ ಪ್ರತ್ಯೇಕ ಮೀಟರ್ ಠರಾವು ಇಟ್ಟಿದ್ದೇನೆ. ಅದಕ್ಕೆ ಮೊದಲು ಶನಿವಾರ ಎಲೆಕ್ಟ್ರಿಷಿಯನ್ ಬಂದು ಮೀಟರ್ ರೂಮಿನಿಂದ ಪಾರ್ಕಿಂಗ್‌ವರೆಗೆ ಕೇಬಲ್ ಅಳತೆ ಹಿಡಿಯುತ್ತಾರೆ. ಬಾಲ್ಕನಿ ವೈರಿನವರ ಹತ್ತಿರ ನಿನ್ನೆ ಮಾತಾಡಿದೆ. ಮೊದಲ ಪಾಯಿಂಟ್ ಅವರ ಸ್ಕೂಟರ್ ನಿಲ್ಲುವ ಜಾಗದಲ್ಲೇ ಹಾಕಿಸೋಣ ಅಂದೆ. ರಾತ್ರಿ ನೋಡಿದಾಗ ವೈರ್ ಸುತ್ತಿ ಒಳಗಿಟ್ಟಿದ್ದರು.