ಅಪ್‌ಡೇಟ್: ಬಾಡಿಗೆ ಮನೆಯ ಡಿಪಾಸಿಟ್‌ಗಾಗಿ ಕೌಂಟಿ ಕೋರ್ಟಿನಲ್ಲಿ ಹೂಡಿದ ದಾವೆ

ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆ ಮನೆ ಖಾಲಿ ಮಾಡಿದ ಮೇಲೆ ಮಾಲೀಕರು ಡಿಪಾಸಿಟ್ ಹಿಂದಿರುಗಿಸುತ್ತಿಲ್ಲವೆಂದು ನಾನು ಸಲಹೆ ಕೇಳಿದ್ದೆ. ಕೌಂಟಿಯ ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ (ಸಣ್ಣ ಮೊತ್ತದ ದಾವೆಗಳ ನ್ಯಾಯಾಲಯ) ತೀರ್ಪು ನನ್ನ ಪರವಾಗಿ ಬಂದಿದ್ದು, ಹಣವೂ ಕೈಸೇರಿದೆ.

ವಕೀಲರನ್ನು ಹಿಡಿಯಿರಿ ಎಂಬ ಸಲಹೆ ಇಲ್ಲಿ ಅನ್ವಯಿಸಲಿಲ್ಲ, ಏಕೆಂದರೆ ಈ ಕೋರ್ಟಿನ ವಿಚಾರಣೆಯಲ್ಲಿ ವಕೀಲರು ಕಕ್ಷಿದಾರರ ಪರವಾಗಿ ವಾದಿಸುವಂತಿಲ್ಲ. ದಾವೆ ಹೂಡುವ ಎಸ್‌ಸಿ-100 ಫಾರ್ಮ್ ತುಂಬಿ, ನನ್ನ ಮೊತ್ತಕ್ಕೆ ತಗಲುವ 50 ಡಾಲರ್ ಶುಲ್ಕ ಕಟ್ಟಿದೆ. ನಿಜವಾದ ತೊಡಕು ಎದುರಾದದ್ದು ನೋಟಿಸ್ ಜಾರಿಯಲ್ಲಿ. ಕೋರ್ಟಿನ ಗುಮಾಸ್ತರ ಮೂಲಕ ಕಳಿಸಿದ ಸರ್ಟಿಫೈಡ್ ಅಂಚೆಗೆ ಮಾಲೀಕರು ಸಹಿ ಹಾಕದೇ ಇದ್ದುದರಿಂದ ಅದು ಲೆಕ್ಕಕ್ಕೆ ಬರಲಿಲ್ಲ. ಮೊಕದ್ದಮೆಗೆ ಸಂಬಂಧಪಡದ, 18 ತುಂಬಿದ ಯಾರಿಂದಲಾದರೂ ಖುದ್ದಾಗಿ ಕೊಡಿಸಿ ಎಂದಿದ್ದವರ ಮಾತೇ ಫಲಿಸಿತು; ಸ್ನೇಹಿತರೊಬ್ಬರು ಕೊಟ್ಟು ಬಂದು, ನೋಟಿಸ್ ತಲುಪಿಸಿದ್ದಕ್ಕೆ ಪುರಾವೆಯಾದ ಎಸ್‌ಸಿ-104 ಫಾರ್ಮಿಗೆ ಸಹಿ ಹಾಕಿದರು. ಆ ಸಲಹೆ ಕೊಟ್ಟವರಿಗೆ ನಾನು ಋಣಿ.

ವಿಚಾರಣೆಯ ದಿನ ನ್ಯಾಯಾಧೀಶರು ಅಡುಗೆಮನೆಯ ಗೋಡೆಯ ಫೋಟೋಗಳನ್ನು, ಮನೆಗೆ ಬಂದ ದಿನದ್ದು ಮತ್ತು ಬಿಟ್ಟ ದಿನದ್ದು, ಅಕ್ಕಪಕ್ಕ ಇಟ್ಟು ನೋಡಿದರು. ಬಳಿಕ, ಮನೆ ಬಿಟ್ಟ 21 ದಿನಗಳೊಳಗೆ ಡಿಪಾಸಿಟ್‌ನಿಂದ ಮಾಡಿದ ಕಡಿತದ ವಿವರಪಟ್ಟಿ ಕಳಿಸಿದ್ದೀರಾ ಎಂದು ಮಾಲೀಕರನ್ನು ಕೇಳಿದರು. ಉತ್ತರವಿರಲಿಲ್ಲ.

ನನಗೆ ಅಚ್ಚರಿ ತಂದ ಸಂಗತಿಯೆಂದರೆ, ದಾವೆ ಹೂಡಿದವರು ಸೋತರೆ ಮೇಲ್ಮನವಿ ಸಲ್ಲಿಸುವಂತಿಲ್ಲ. ಪ್ರತಿವಾದಿಗೆ ಮಾತ್ರ ಆ ಹಕ್ಕಿದೆ. ಆದ್ದರಿಂದ ದಾಖಲೆಗಳನ್ನೆಲ್ಲ ಮೊದಲ ವಿಚಾರಣೆಗೇ ಒಯ್ಯಿರಿ. ಇಂಗ್ಲಿಷ್ ಕಷ್ಟವಾಗುವ ಹಿರಿಯರಿದ್ದರೆ ಐಎನ್‌ಟಿ-300 ಫಾರ್ಮಿನಲ್ಲಿ ಮುಂಚಿತವಾಗಿಯೇ ದುಭಾಷಿಯನ್ನು ಕೋರಬಹುದು.