ಕಡಿಮೆ ಬೆಲೆಯ ಹಿಟಾಚಿ ಬಕೆಟ್: ಕೊಳ್ಳುವ ಮೊದಲು ಏನೇನು ಪರೀಕ್ಷಿಸಬೇಕು?

ಪ್ರಶ್ನೆ: ಯಂತ್ರದ ಮಾಲೀಕ, ಸಿಂಧನೂರು

ಎಲ್ಲರಿಗೂ ನಮಸ್ಕಾರ. ನನ್ನಲ್ಲಿ 20 ಟನ್ ವರ್ಗದ ಹಳೆಯ ಹಿಟಾಚಿ ಇದೆ. ಕೃಷಿ ಹೊಂಡ ತೋಡುವುದು, ಕಾಲುವೆಯ ಹೂಳೆತ್ತುವುದು ನಮ್ಮ ಮುಖ್ಯ ಕೆಲಸ. ನಡುನಡುವೆ ಮಸ್ಕಿ ಕಡೆ ಗರಸು ತೆಗೆಯಲೂ ಹೋಗುತ್ತೇವೆ. ಹೋದ ವರ್ಷ ಅಗ್ಗವೆಂದು ಕೊಂಡ ಬಕೆಟ್ಟಿನ ತಳ ಒಂದೇ ಹಂಗಾಮಿಗೆ ಸವೆದು, ಆರ್ಮಿಗೆ ಕೂಡುವ ಕಿವಿಯ ಬುಡದಲ್ಲಿ ಬಿರುಕು ಬಿಟ್ಟಿತು. ಕಂಪನಿಯ ಹೊಸ ಬಕೆಟ್ ಕೊಳ್ಳುವ ಶಕ್ತಿ ಈಗಲೂ ಇಲ್ಲ. ಸ್ಥಳೀಯ ತಯಾರಕರಿಬ್ಬರು ದರ ಕೊಟ್ಟಿದ್ದಾರೆ, ಇಬ್ಬರೂ "ಹಾರ್ಡಾಕ್ಸ್ ಪ್ಲೇಟ್" (ಸವೆತ ತಡೆಯುವ ಗಡಸು ಉಕ್ಕಿನ ತಗಡು) ಎನ್ನುತ್ತಾರೆ. ಹಳದಿ ಬಣ್ಣ ಬಳಿದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ನಿಜವಾದ ಗುಣಮಟ್ಟವನ್ನು ತಿಳಿಯುವ ಬಗೆಯನ್ನು ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ವೆಲ್ಡಿಂಗ್ ವರ್ಕ್‌ಶಾಪ್, ಬಳ್ಳಾರಿ

ಮೊದಲು ಪ್ಲೇಟಿನ ಮಾತು. ಸಾಮಾನ್ಯ ಐಎಸ್ 2062 ದರ್ಜೆಯ ಎಂ.ಎಸ್. (ಮೆದು ಉಕ್ಕು) ಪ್ಲೇಟಿನ ಗಡಸುತನ ಸುಮಾರು 120ರಿಂದ 150 ಬ್ರಿನೆಲ್ (ಗಡಸುತನದ ಅಳತೆ) ಇರುತ್ತದೆ. ಹಾರ್ಡಾಕ್ಸ್ 450 ಹೆಸರಿನ ಪ್ಲೇಟಿಗೆ 425ರಿಂದ 475 ಇರಬೇಕು. ಅಂತರ ಇಷ್ಟು ದೊಡ್ಡದಾಗಿರುವುದರಿಂದ ಕೈಯಲ್ಲಿ ಹಿಡಿಯುವ ಗಡಸುತನ ಮಾಪಕವೊಂದು ಸಿಕ್ಕರೆ ನಿಜ ಕೂಡಲೇ ಬಯಲಾಗುತ್ತದೆ, ಆದರೆ ಅಳೆಯುವ ಜಾಗದ ಬಣ್ಣವನ್ನೂ ಮೇಲ್ಪದರವನ್ನೂ ಗ್ರೈಂಡರಿನಿಂದ ತೆಗೆದಿರಬೇಕು. ಮಾಪಕ ಸಿಗದಿದ್ದರೆ ಎಂ.ಎಸ್. ತುಂಡೊಂದನ್ನು ಪಕ್ಕಕ್ಕಿಟ್ಟುಕೊಂಡು, ಎರಡರ ಮೇಲೂ ಹೊಸ ಅರವನ್ನು ಒಂದೇ ಒತ್ತಡದಲ್ಲಿ ಎಳೆದು ನೋಡಿ. ಎಂ.ಎಸ್. ಸಲೀಸಾಗಿ ಸವೆಯುತ್ತದೆ, ಗಡಸು ಪ್ಲೇಟು ಬಹಳ ಸೆಣಸುತ್ತದೆ.

ಇಡೀ ಬಕೆಟ್ ಗಡಸು ಪ್ಲೇಟಿನದೇ ಆಗಬೇಕೆಂದೇನಿಲ್ಲ. ಹಲ್ಲು ಕೂರುವ ಮುಂಭಾಗದ ಪಟ್ಟಿ, ಅಂದರೆ ಲಿಪ್ ಪ್ಲೇಟ್, ಎರಡೂ ಬದಿಯ ಅಂಚುಗಳು ಮತ್ತು ತಳದ ಸವೆತದ ಪಟ್ಟಿಗಳು ಗಡಸಾಗಿದ್ದರೆ ಮಣ್ಣಿನ ಕೆಲಸಕ್ಕೆ ಸಾಕಾಗುತ್ತದೆ. ಯಾವ ಭಾಗಕ್ಕೆ ಯಾವ ಪ್ಲೇಟು, ಎಷ್ಟು ಮಿಲಿಮೀಟರ್ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಉಕ್ಕಿನ ಕಾರ್ಖಾನೆಯ ಪರೀಕ್ಷಾ ಪತ್ರವನ್ನು ಕೇಳಿ, ಅದರಲ್ಲಿರುವ ಹೀಟ್ ನಂಬರು, ಅಂದರೆ ಉಕ್ಕು ಕರಗಿಸಿದ ಸರದಿಯ ಸಂಖ್ಯೆ, ಪ್ಲೇಟಿನ ಮೇಲಿನದಕ್ಕೆ ಹೊಂದುತ್ತದೆಯೇ ನೋಡಿ.

ನಿಮ್ಮ ಹಳೆಯ ಬಕೆಟ್ ಕಿವಿಯ ಬುಡದಲ್ಲಿ ಸೀಳಿದ್ದಕ್ಕೆ ವೆಲ್ಡಿಂಗೇ ಕಾರಣವಾಗಿರಬಹುದು. ದಪ್ಪ ಗಡಸು ಪ್ಲೇಟನ್ನು ಮೊದಲೇ ಹದವಾಗಿ ಕಾಯಿಸದೆ, ತೇವ ಹಿಡಿದ ರಾಡಿನಿಂದ ಬೆಸೆದರೆ ಆ ದಿನ ಕಾಣದ ಬಿರುಕು ಒಂದೆರಡು ದಿನಗಳ ನಂತರ ಏಳುತ್ತದೆ. ಒಣಗಿಸಿದ 7018 ರಾಡು (ಕಡಿಮೆ ಹೈಡ್ರೋಜನ್‌ನ ವೆಲ್ಡಿಂಗ್ ಕಡ್ಡಿ) ಬಳಸುವವರೇ ಎಂದು ವಿಚಾರಿಸಿ. ಅತಿಯಾಗಿ ಕಾಯಿಸುವುದೂ ತಪ್ಪು, ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿದರೆ ಇಂಥ ಪ್ಲೇಟು ತನ್ನ ಗಡಸುತನವನ್ನೇ ಕಳೆದುಕೊಳ್ಳತೊಡಗುತ್ತದೆ. ಸಂದೇಹವಿರುವ ಜಾಗಕ್ಕೆ ಕೆಂಪು ದ್ರಾವಣ ಸಿಂಪಡಿಸಿ, ಒರೆಸಿ, ಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡೆದರೆ ಕೂದಲೆಳೆಯಷ್ಟು ಸಣ್ಣ ಬಿರುಕೂ ಕೆಂಪು ಗೆರೆಯಾಗಿ ತೋರುತ್ತದೆ.

ಉತ್ತರ 2: ಆಪರೇಟರ್, ಸಂಡೂರು

ಮೇಲಿನವರು ಹೇಳಿದ್ದು ಸರಿ. ನಾನು ಪಿನ್ನಿನ ರಂಧ್ರಗಳನ್ನೇ ಮೊದಲು ನೋಡುತ್ತೇನೆ. ಎರಡೂ ಕಿವಿಗಳ ರಂಧ್ರಗಳು ಒಂದೇ ಸಾಲಿನಲ್ಲಿದ್ದರೆ ಪಿನ್ನು ಸುತ್ತಿಗೆಯ ಹೊಡೆತವಿಲ್ಲದೆ ಒಳಗೆ ಹೋಗುತ್ತದೆ. ಹೊಡೆದೇ ಕೂರಿಸಬೇಕಾದರೆ ರಂಧ್ರ ಓರೆಯಾಗಿದೆ ಎಂದರ್ಥ, ಅಂಥ ಬಕೆಟ್ ನಿಮ್ಮ ಆರ್ಮಿನ ಬುಷ್ಷನ್ನೂ (ಪಿನ್ನು ಕೂರುವ ಲೋಹದ ಬಳೆ) ತಿನ್ನುತ್ತದೆ.

ಇನ್ನೊಂದು ವಿಷಯವನ್ನು ಕಳಕಳಿಯಿಂದ ಹೇಳುತ್ತೇನೆ: ದೊಡ್ಡ ಬಕೆಟ್ಟಿನ ಆಸೆಗೆ ಬೀಳಬೇಡಿ. "ಒಂದೂಕಾಲು ಕ್ಯೂಬಿಕ್" (ಘನ ಮೀಟರ್) ಎಂದು ತಯಾರಕರು ಹೇಳಿದಾಗ ಅದು ಅಂಚಿನ ಮಟ್ಟದ ಅಳತೆಯೋ, ರಾಶಿ ತುಂಬಿದ ಅಳತೆಯೋ ಎಂದು ಕೇಳಿ. ನಮ್ಮ ಕಡೆಯ ಕಬ್ಬಿಣದ ಅದಿರು ಅದೇ ಗಾತ್ರದ ಮಣ್ಣಿಗಿಂತ ಬಹಳ ಭಾರ. ಮಣ್ಣಿಗೆಂದು ಮಾಡಿದ ಅಗಲವಾದ ಬಕೆಟ್ಟನ್ನು ಅದಿರಿಗೆ ಹಾಕಿದರೆ ಆರ್ಮ್ ಚಾಚಿದಾಗ ಯಂತ್ರದ ಹಿಂಭಾಗವೇ ಮೇಲೇಳುತ್ತದೆ. ನಿಮ್ಮ ಎರೆ ಮಣ್ಣಿಗೆ ಒಳಗೋಡೆ ನುಣುಪಾಗಿದ್ದು, ಮೂಲೆಗಳು ದುಂಡಾಗಿರುವುದು ಮುಖ್ಯ, ಇಲ್ಲವಾದರೆ ಹಸಿ ಮಣ್ಣು ಅಂಟಿಕೊಂಡು ಅರ್ಧ ಹೊರೆ ಬಕೆಟ್ಟಿನಲ್ಲೇ ಉಳಿಯುತ್ತದೆ.

ಉತ್ತರ 3: ಬಿಡಿಭಾಗಗಳ ಅಂಗಡಿ, ಕೊಪ್ಪಳ

ತೂಕ ಹಾಕಿಸಿ. 10 ಮಿಲಿಮೀಟರ್ ದಪ್ಪದ ಒಂದು ಚದರ ಮೀಟರ್ ಉಕ್ಕಿನ ಪ್ಲೇಟು 78.5 ಕಿಲೋ ತೂಗುತ್ತದೆ. 12 ಎಂದು ಹೇಳಿ 10 ಹಾಕಿದರೆ ಪ್ರತಿ ಚದರ ಮೀಟರಿಗೆ ಸುಮಾರು 16 ಕಿಲೋ ಖೋತಾ ಆಗುತ್ತದೆ. ನಕಾಶೆಯ ಪ್ರಕಾರ ಲೆಕ್ಕ ಹಾಕಿದ ತೂಕಕ್ಕೂ ವೇ ಬ್ರಿಡ್ಜಿನ ಚೀಟಿಗೂ ಹೊಂದದಿದ್ದರೆ ಮುಂದಿನ ಮಾತು ಬೇಡ. ಹಲ್ಲು ಮತ್ತು ಅದು ಕೂರುವ ಅಡಾಪ್ಟರ್ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ನಮೂನೆಯದೇ ಆಗಿರಲಿ. ಹಂಗಾಮಿನ ನಡುವೆ ಹಲ್ಲು ಸಿಗದೆ ಯಂತ್ರ ನಿಲ್ಲಿಸಿದವರನ್ನು ಅಂಗಡಿಯಲ್ಲಿ ಕಂಡಿದ್ದೇನೆ.

ಮಾಲೀಕ, ಸಿಂಧನೂರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಇಬ್ಬರ ಬಳಿಗೂ ಹೋಗಿದ್ದೆ. ಮೊದಲನೆಯವರು ಗ್ರೈಂಡರ್ ಹಚ್ಚಲು ಬಿಡಲಿಲ್ಲ. ಎರಡನೆಯವರು ಲಿಪ್ ಪ್ಲೇಟ್ ಮಾತ್ರ ಗಡಸು, ಉಳಿದದ್ದು ಎಂ.ಎಸ್. ಎಂದು ತಾವಾಗಿಯೇ ಒಪ್ಪಿಕೊಂಡರು. ಬದಿಯ ಅಂಚಿಗೂ ತಳದ ಪಟ್ಟಿಗೂ ಗಡಸು ಪ್ಲೇಟು ಹಾಕಿಸಿ, ಬಣ್ಣ ಬಳಿಯುವ ಮೊದಲೇ ನಾನು ಬಂದು ನೋಡುವುದೆಂದು ಮಾತಾಗಿದೆ. ವೆಲ್ಡಿಂಗ್ ಮುಗಿದ ಎರಡು ದಿನಗಳ ಮೇಲೆಯೇ ಹೋಗುತ್ತೇನೆ, ಕೆಂಪು ದ್ರಾವಣವನ್ನೂ ನಮ್ಮ ಯಂತ್ರದ ಪಿನ್ನನ್ನೂ ಜೊತೆಗೆ ಒಯ್ಯುತ್ತೇನೆ.