ಟೋಡ್‌ಸ್ಟೂಲ್ ಅಂತ ಕೊಟ್ಟ ಮೆದು ಹವಳ: ಸಾರ್ಕೋನಾ, ಲೋಬೋನಾ, ಸಿನುಲೇರಿಯಾನಾ?

ಉಪ್ಪುನೀರು: ತೊಟ್ಟು ಗಿಡ್ಡ, ದಪ್ಪ. ಮೇಲ್ಭಾಗ ಸುಮಾರು 10 ಸೆಂ.ಮೀ. ಅಗಲ, ನಟ್ಟನಡುವಲ್ಲೂ ಬೆರಳಿನಂಥ ಏಣುಗಳು. ಅಕ್ವೇರಿಯಂಗೆ ತಂದ ಹವಳ ಇದು, ಟೋಡ್‌ಸ್ಟೂಲ್ (ಅಣಬೆಯಾಕಾರದ ಸಾರ್ಕೋಫೈಟನ್) ಅಂತ ಕೊಟ್ಟಿದ್ದಾರೆ. ಸಿನುಲೇರಿಯಾ ಅಲ್ವಾ ಇದು?

ರೀಫ್‌ಪ್ರಿಯ: ಬೆರಳಿದ್ದ ಮಾತ್ರಕ್ಕೆ ಸಿನುಲೇರಿಯಾ ಆಗಲ್ಲ. ಪಾಲಿಪ್‌ಗಳು (ಹವಳದ ಮೈಮೇಲಿನ ಹೂವಿನಂಥ ಪುಟ್ಟ ಜೀವಿಗಳು) ಅರ್ಧ ಒಳಗೆ ಸರಿದಾಗ ಭೂತಗನ್ನಡಿ ಹಿಡಿದು ನೋಡಿ. ದೊಡ್ಡ ಪಾಲಿಪ್‌ಗಳ ನಡುವೆ ಸೂಜಿಮೊನೆ ಚುಚ್ಚಿದಂಥ ಚುಕ್ಕೆಗಳಿವೆಯಾ? ಅವು ಸೈಫನೋಜೂಯಿಡ್‌ಗಳು, ಕಾಲನಿಯೊಳಗೆ ನೀರು ಓಡಾಡಿಸೋ ಪುಟ್ಟ ಪಾಲಿಪ್‌ಗಳು. ಸಾರ್ಕೋಫೈಟನ್, ಲೋಬೋಫೈಟಮ್ ಎರಡರಲ್ಲೂ ಇರ್ತವೆ, ಸಿನುಲೇರಿಯಾದಲ್ಲಿ ಇರಲ್ಲ.

ಉಪ್ಪುನೀರು: ಚುಕ್ಕೆ ಇವೆ, ತುಂಬಾ.

ರೀಫ್‌ಪ್ರಿಯ: ಹಾಗಾದ್ರೆ ಲೋಬೋಫೈಟಮ್. ಸಾರ್ಕೋ ಆದ್ರೆ ತೊಟ್ಟು ಎದ್ದು ಕಾಣುತ್ತೆ, ಛತ್ರಿಯ ಅಂಚಷ್ಟೇ ಮಡಚಿಕೊಳ್ಳುತ್ತೆ, ನಡು ಸಪಾಟು.

ಮುಳ್ಳುಕಣ: ಅಷ್ಟು ಖಡಾಖಂಡಿತವಾಗಿ ಹೇಳಬೇಡಿ ಸರ್. ಬೆಳಕು, ನೀರಿನ ಸೆಳೆತ ಬದಲಾದ್ರೆ ಆಕಾರವೂ ಬದಲಾಗುತ್ತೆ. ಡಿಎನ್‌ಎ ನೋಡಿದವರಿಗೂ ಸಾರ್ಕೋ, ಲೋಬೋ ಜಾತಿಗಳ ಗಡಿ ಸ್ಪಷ್ಟವಾಗಿ ಸಿಕ್ಕಿಲ್ಲ. ಸ್ಕ್ಲೆರೈಟ್ (ಹವಳದ ಮಾಂಸದೊಳಗಿನ ಪುಟ್ಟ ಗಟ್ಟಿ ಕಣ) ನೋಡೋದು ಮೇಲು. ತೊಟ್ಟಿನ ಬುಡದ ಒಳಗಿಂದ 3 ಮಿ.ಮೀ. ಚೂರು ತೆಗೆದು, ಮನೆಬಳಕೆಯ ಬ್ಲೀಚ್‌ನ ನಾಲ್ಕೈದು ಹನಿಯಲ್ಲಿ ಇಡಿ. ಮಾಂಸ ಕರಗಿ ಬಿಳಿ ಪುಡಿ ತಳಕ್ಕಿಳಿದ ಮೇಲೆ ಸಿಹಿನೀರಲ್ಲಿ ನಾಲ್ಕು ಸಲ ತೊಳೆದು, ಮೈಕ್ರೋಸ್ಕೋಪಲ್ಲಿ 40ರಿಂದ 100 ಪಟ್ಟು ಹಿಗ್ಗಿಸಿ ನೋಡಿ. ಸಾಲು ಸಾಲು ಗಂಟುಗಳಿರೋ ಪೀಪಾಯಿಯಾಕಾರ ಕಂಡ್ರೆ ಸಾಮಾನ್ಯವಾಗಿ ಲೋಬೋ. ಸಿನುಲೇರಿಯಾದ ಬುಡದಲ್ಲಿ ಎರಡೂ ತುದಿ ಚೂಪಾದ ಉದ್ದನೆಯ ಕಣಗಳಿರ್ತವೆ, ಎಷ್ಟೋ ಸಲ ಬರಿಗಣ್ಣಿಗೇ ಕಾಣ್ತವೆ. ವಿನೆಗರ್ ಮಾತ್ರ ಹಾಕಬೇಡಿ: ಸ್ಕ್ಲೆರೈಟ್ ಸುಣ್ಣದ್ದು, ಕರಗಿಹೋಗುತ್ತೆ. ಬ್ಲೀಚ್ ಜೊತೆ ಸೇರಿದ್ರೆ ಕ್ಲೋರಿನ್ ಅನಿಲ ಬೇರೆ ಏಳುತ್ತೆ.

ಅಲೆಗಾರ: ಸಾಕೋಕೆ ಇಷ್ಟೆಲ್ಲ ಬೇಕಾ? ಮೂರಕ್ಕೂ ಮಧ್ಯಮ ಬೆಳಕು, ಮಧ್ಯಮ ಸೆಳೆತ ಸಾಕು. ಜಾತಿ ಗೊತ್ತಾಗೋದಕ್ಕಿಂತ ಪಕ್ಕದಲ್ಲಿ ಏನಿಟ್ಟಿದ್ದೀರಿ ಅನ್ನೋದು ಮುಖ್ಯ. ಇವೆಲ್ಲ ಟರ್ಪೀನ್ ಜಾತಿಯ ರಾಸಾಯನಿಕ ಬಿಡ್ತವೆ, ಗಟ್ಟಿ ಹವಳಗಳು ಸೊರಗ್ತವೆ.

ಮುಳ್ಳುಕಣ: ಸಾಕೋಕೆ ಬೇಡ, ಒಪ್ತೀನಿ. ಆದ್ರೆ ಕೇಳಿದ್ದು ಹೆಸರು. ಜಾತಿ ತಿಳಿದ್ರೂ ಪ್ರಭೇದದ ಹೆಸರನ್ನ ಫೋಟೋ ನೋಡಿ ಹೇಳೋರನ್ನ ನಂಬಬೇಡಿ.

ಅಲೆಗಾರ: ಅದು ಸರಿ. ಚೂರು ತೆಗೆಯೋದಾದ್ರೆ ಮೇಲೆ ಮೇಣದಂಥ ಪೊರೆ ಕಟ್ಟಿ ಪಾಲಿಪ್ ಮುಚ್ಚಿಕೊಂಡಿರೋ ದಿನಗಳಲ್ಲಿ ಬೇಡ. ಆಗ ಸೆಳೆತ ಸ್ವಲ್ಪ ಹೆಚ್ಚಿಸಿ, ಪೊರೆ ತಾನಾಗೇ ಕಳಚುತ್ತೆ. ಕತ್ತರಿಸಿದ ಮೇಲೆ, ಹವಳ ಬಿಡೋ ಆ ರಾಸಾಯನಿಕ ಹೀರೋಕೆ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ.